ಅಡ್ಡ ಹರಿಯುವ ನೀರು, ಉದ್ದ ಓಡುವ ರಸ್ತೆ

ಕೇರಳ ಗಡಿಯ ತಲಪಾಡಿಯಿಂದ ಕಾರವಾರದ ಕಡೆ ಹೊರಟವರು ಎಡಗಡೆ ಕಡಲು ನೋಡುತ್ತಾರೆ. ನಾನು ಹೊಳೆ ಎಣಿಸುತ್ತೇನೆ. ರಸ್ತೆ, ಸೇತುವೆ ತಪಾಸಣೆ ಮಾಡಿಯೇ ಬದುಕಿದವನಿಗೆ ಅಂಟಿದ ಚಾಳಿ ಅದು. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಇವು ದೊಡ್ಡವು ಮಾತ್ರ. ನಡುವಿನ ತೋಡು, ಹಳ್ಳಗಳ ಲೆಕ್ಕ ಬೇರೆ. ಎಲ್ಲ ನೀರೂ ಘಟ್ಟದಿಂದ ಇಳಿದು ಪಶ್ಚಿಮಕ್ಕೆ ಹೋಗುತ್ತದೆ. ರಸ್ತೆ ಮಾತ್ರ ಅದಕ್ಕೆ ಅಡ್ಡವಾಗಿ ಉತ್ತರಕ್ಕೆ ಓಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಕಥೆಯೆಲ್ಲ ಈ ಅಡ್ಡ-ಉದ್ದದ ಜಗಳದಲ್ಲೇ ಇದೆ.

ಮುಂಬೈ ಹತ್ತಿರದ ಪನ್ವೇಲ್‌ನಲ್ಲಿ ಹೊರಡುವ ಈ ರಸ್ತೆ ಕನ್ಯಾಕುಮಾರಿಯಲ್ಲಿ ನಿಲ್ಲುತ್ತದೆ. ಉದ್ದ ಸುಮಾರು 1,600 ಕಿ.ಮೀ. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು, ಹೀಗೆ ಐದು ರಾಜ್ಯ. ನಡುವೆ ಮಾಹೆಯಲ್ಲಿ ಪುದುಚೇರಿಯ ಒಂದು ಚೂರು ನೆಲವೂ ಸಿಗುತ್ತದೆ. ನಮ್ಮ ಪಾಲಿಗೆ ಬರುವುದು ಗೋವಾ ಗಡಿಯ ಮಾಜಾಳಿಯಿಂದ ತಲಪಾಡಿವರೆಗಿನ ಸುಮಾರು 280 ಕಿ.ಮೀ.

ಹಳಬರಿಗೆ ಇದು ಇವತ್ತಿಗೂ 'ಹದಿನೇಳು'. 2010ರವರೆಗೆ ಪನ್ವೇಲ್‌ನಿಂದ ಕೊಚ್ಚಿಯ ಎಡಪ್ಪಳ್ಳಿವರೆಗಿನ ರಸ್ತೆ 17 ಆಗಿತ್ತು. ಅಲ್ಲಿಂದ ಕನ್ಯಾಕುಮಾರಿಯವರೆಗಿನದು 47ಕ್ಕೆ ಸೇರಿತ್ತು. ಆ ವರ್ಷ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಬಂತು. ಉತ್ತರ-ದಕ್ಷಿಣ ಓಡುವ ರಸ್ತೆಗಳಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಸಂಖ್ಯೆ ಜಾಸ್ತಿ. ನಮ್ಮದು ಪಶ್ಚಿಮದ ಅಂಚು, ಅದಕ್ಕೇ ಇಷ್ಟು ದೊಡ್ಡ ನಂಬರ್.

ಕರಾವಳಿ ಅಂದಮೇಲೆ ಅದರುದ್ದಕ್ಕೂ ಪುರಾತನ ಕಾಲದಿಂದ ಒಂದು ರಾಜಮಾರ್ಗ ಇದ್ದೇ ಇರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇರಲಿಲ್ಲ. ಉದ್ದಕ್ಕೆ ಹೋಗುವವರಿಗೆ ಕಡಲೇ ದಾರಿ, ಮಂಜಿ ಅನ್ನುವ ಹಾಯಿ ಹಡಗೇ ವಾಹನ. ದುಡ್ಡು ಸುರಿದು ಕಟ್ಟಿದ ರಸ್ತೆಗಳು ಬಂದರಿನಿಂದ ಘಟ್ಟ ಹತ್ತುವಂಥವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ. ಆ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ವಿದೇಶಿ ಪೇಟೆಯಲ್ಲಿ ಅದರ ಹೆಸರೇ 'ಕುಮಟಾ ಹತ್ತಿ'! ಹೊನ್ನಾವರದಿಂದ ಶಿವಮೊಗ್ಗಕ್ಕೆ, ಅಂಕೋಲಾದಿಂದ ಹುಬ್ಬಳ್ಳಿಗೆ ಹತ್ತುವ ರಸ್ತೆಗಳೂ ಇದೇ ಜಾತಿಯವು. ಇವತ್ತು 66ರಲ್ಲಿ ಬಸ್ಸು ನಿಲ್ಲುವ ದೊಡ್ಡ ಊರುಗಳನ್ನು ನೋಡಿ. ಬಹಳಷ್ಟು ಊರು ಒಂದೊಂದು ಘಟ್ಟದ ರಸ್ತೆಯ ಬುಡದಲ್ಲೇ ಕೂತಿವೆ.

ಆಡಳಿತವೂ ಉದ್ದ ರಸ್ತೆಗೆ ಅನುಕೂಲವಾಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಭಟ್ಕಳದವರ ಅರ್ಜಿ ಬೊಂಬಾಯಿಗೆ, ಪಕ್ಕದ ಬೈಂದೂರಿನವರದು ಮದ್ರಾಸಿಗೆ. ನಡುವಿನ ಹೊಳೆಗೆ ಸೇತುವೆ ಯಾರಿಗೆ ಬೇಕಿತ್ತು? 1956ರಲ್ಲಿ ಎರಡೂ ಜಿಲ್ಲೆ ಒಂದೇ ರಾಜ್ಯಕ್ಕೆ ಬಂದವು. ಆದರೂ ಮಾಜಾಳಿಯ ಆಚೆ ಪರದೇಶ. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್‌ನಲ್ಲಿ. ಅಂದರೆ ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಒಂದೇ ಹೆದ್ದಾರಿ ಅನ್ನುವ ಮಾತು ಅದಕ್ಕೆ ಮೊದಲು ನಕ್ಷೆಯ ಮೇಲೂ ಕೂಡುವಂತಿರಲಿಲ್ಲ.

ಆಮೇಲೂ ರಸ್ತೆ ಒಂದಾದದ್ದು ಸೇತುವೆ ಬಂದಂತೆಲ್ಲ, ತುಂಡು ತುಂಡಾಗಿ. ಅಲ್ಲಿಯವರೆಗೆ ಕಡವು. ಎರಡು ದೋಣಿ ಜೋಡಿಸಿ, ಹಲಗೆ ಹಾಸಿ, ಅದರ ಮೇಲೆ ಬಸ್ಸು, ಕಾರು ಹತ್ತಿಸುವ 'ಜಂಗಲ್'. ಮಂಗಳೂರಿನ ಕೂಳೂರಿನಲ್ಲಿ ಫಲ್ಗುಣಿಗೆ ಕಮಾನಿನ ಸೇತುವೆ ಬಂದದ್ದು 1952ರಲ್ಲಿ. ಕಾಳಿಗೆ ಸೇತುವೆಯಾಗಲು 1980ರ ದಶಕವೇ ಬರಬೇಕಾಯಿತು. ಹಾಗಾಗಿ ಈ ಹೆದ್ದಾರಿ ಬಹಳಷ್ಟು ಜನ ಅಂದುಕೊಂಡಿರುವುದಕ್ಕಿಂತ ಚಿಕ್ಕ ವಯಸ್ಸಿನದು.

ವಯಸ್ಸು ಚಿಕ್ಕದಾದರೂ ಸೇತುವೆಗಳು ಬೇಗ ಮುದಿಯಾಗುತ್ತವೆ. ಕಾರಣ ಉಪ್ಪು. ನಮ್ಮ ಹೊಳೆಗಳಲ್ಲಿ ಉಬ್ಬರದ ನೀರು ಬಹಳ ದೂರ ಒಳಗೆ ಬರುತ್ತದೆ. ಹೆದ್ದಾರಿ ಹೊಳೆ ದಾಟುವುದು ಹೆಚ್ಚಾಗಿ ಅಳಿವೆಯ ಹತ್ತಿರದಲ್ಲೇ. ಕಂಬದ ಯಾವ ಭಾಗ ದಿನಕ್ಕೆರಡು ಸಲ ಒದ್ದೆಯಾಗಿ, ಎರಡು ಸಲ ಒಣಗುತ್ತದೋ ಅಲ್ಲೇ ತೊಂದರೆ ಜಾಸ್ತಿ. ಯಾವಾಗಲೂ ನೀರಿನಲ್ಲೇ ಮುಳುಗಿರುವ ಭಾಗ ಅಷ್ಟು ಬೇಗ ಕೆಡುವುದಿಲ್ಲ, ಅಲ್ಲಿ ಗಾಳಿ ಕಡಿಮೆ. ಉಪ್ಪು ಕಾಂಕ್ರೀಟಿನೊಳಗೆ ನಿಧಾನಕ್ಕೆ ಇಳಿದು ಕಬ್ಬಿಣ ಮುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಮೇಲೆ ಹೊಸ ಡಾಂಬರು ಹಾಕಿ, ಕಟಕಟೆಗೆ ಬಣ್ಣ ಬಳಿದರೆ ಇದು ಕಾಣುವುದೇ ಇಲ್ಲ. ಸೇತುವೆಯ ಆರೋಗ್ಯ ನೋಡಬೇಕಾದರೆ ದೋಣಿ ಹತ್ತಿ ಕೆಳಗೆ ಹೋಗಬೇಕು. ಮೇಲೆ ಜೀಪಿನಲ್ಲಿ ಹೋಗಿ 'ತಪಾಸಣೆ ಆಯ್ತು' ಅಂತ ಸಹಿ ಹಾಕುವುದನ್ನೂ ನಾನು ನೋಡಿದ್ದೇನೆ, ಬಿಡಿ.

ಇದೇ ರಸ್ತೆಯಲ್ಲಿ ಪಣಜಿಯ ಮಾಂಡೋವಿ ಸೇತುವೆ 1970ರಲ್ಲಿ ತೆರೆದು 1986ರಲ್ಲೇ ಕುಸಿಯಿತು. ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಯಲ್ಲಿ ಕೊಚ್ಚಿಹೋಯಿತು, ಬಸ್ಸುಗಳೂ ಜೊತೆಗೆ ಹೋದವು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಬಿತ್ತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಪುಣ್ಯಕ್ಕೆ ಉಳಿಸಿಕೊಂಡರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಗೋವಾದ ದಾರಿ ಪೂರ್ತಿ ಕಡಿದುಹೋಗಲಿಲ್ಲ.

ಅದಕ್ಕೆ ಮೂರು ವಾರ ಮೊದಲು, ಜುಲೈ 16ಕ್ಕೆ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. (ಟೋಲ್ ಇರುವ ಬೈಂದೂರಿನ ಶಿರೂರು ಬೇರೆ. ಆಗ ಫೋನ್ ಮಾಡಿದ ಅರ್ಧ ಜನಕ್ಕೆ ಇದನ್ನೇ ಹೇಳಬೇಕಾಯಿತು.) ಮಣ್ಣು ಹೆದ್ದಾರಿ ದಾಟಿ ಗಂಗಾವಳಿಗೆ ನುಗ್ಗಿತು. ಜೀವಗಳು ಹೋದವು. ಕೇರಳದ ಒಂದು ಲಾರಿ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ.

ಗುಡ್ಡ ಯಾಕೆ ಕುಸಿಯುತ್ತದೆ ಅಂತ ಕೇಳಿದವರಿಗೆಲ್ಲ ನಾನು ನಮ್ಮ ಕರಾವಳಿ ಗುಡ್ಡಗಳ ಹೊಟ್ಟೆಯೊಳಗೆ ಏನಿದೆ ಅನ್ನುವುದನ್ನು ಹೇಳುತ್ತೇನೆ. ಬಹಳ ಕಡೆ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಮನೆ ಕಟ್ಟುವಷ್ಟು ಗಟ್ಟಿ. ಆದರೆ ಮೈತುಂಬ ತೂತು, ನೀರು ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೆನೆದರೆ ಗಂಜಿ. ಚತುಷ್ಪಥಕ್ಕೆ ಜಾಗ ಬೇಕು ಅಂತ ಗುಡ್ಡವನ್ನು ನೆಟ್ಟಗೆ ಕಡಿದರೆ ಶೇಡಿ ಬಯಲಿಗೆ ಬರುತ್ತದೆ, ಮೇಲಿನ ಭಾರ ಹಾಗೇ ಇರುತ್ತದೆ. ಇಲ್ಲಿಯ ಮಳೆ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಮೇಲ್ಗಡೆಯೇ ಚರಂಡಿ ಮಾಡಿ ನೀರನ್ನು ಬೇರೆ ಕಡೆ ತಿರುಗಿಸಬೇಕು. ಮೆಟ್ಟಿಲು ಮಾಡಲು ಇನ್ನೂ ಅಗಲ ಜಾಗ ಬೇಕು, ಜಾಗಕ್ಕೆ ದುಡ್ಡು ಬೇಕು. ಎಳೆದಾಟ ಶುರುವಾಗುವುದು ಅಲ್ಲಿಂದ.

ಕೇರಳದಲ್ಲಿ ಜಗಳ ಇನ್ನೊಂದು ಥರ. ಅಲ್ಲಿ ಮನೆ ಒತ್ತೊತ್ತು, 45 ಮೀಟರ್ ಅಗಲಕ್ಕೆ ಜಾಗ ಬಿಡಿಸುವುದರಲ್ಲೇ ವರ್ಷಗಳು ಹೋದವು. ಮಲಪ್ಪುರಂನ ಕೂರಿಯಾಡ್‌ನಲ್ಲಿ ಗದ್ದೆ ಬಯಲಿನ ಮೇಲೆ ಎತ್ತರಕ್ಕೆ ಮಣ್ಣು ಪೇರಿಸಿ ಕಟ್ಟಿದ ರಸ್ತೆ 2025ರ ಮೇ ತಿಂಗಳಲ್ಲಿ ಕುಸಿಯಿತು. ಮೆತ್ತನೆಯ ಗದ್ದೆ ಅಷ್ಟು ಭಾರ ಹೊರಲಿಲ್ಲ. ಕಂಬದ ಮೇಲೆ ರಸ್ತೆ ಒಯ್ದಿದ್ದರೆ ನೀರಿಗೂ ದಾರಿ ಇರುತ್ತಿತ್ತು.

ಮಳೆಗಾಲದಲ್ಲಿ ಈ ದಾರಿಯಲ್ಲಿ ಹೋದರೆ ಗುಡ್ಡದ ಬದಿಯ ತಡೆಗೋಡೆಗಳಲ್ಲಿ ಸಾಲಾಗಿ ಬಿಟ್ಟಿರುವ ಪೈಪಿನ ತೂತುಗಳನ್ನು ಗಮನಿಸಿ. ನೀರು ಧಾರೆಯಾಗಿ ಬೀಳುತ್ತಿದ್ದರೆ ಹೆದರಬೇಡಿ, ಗೋಡೆ ತನ್ನ ಕೆಲಸ ಮಾಡುತ್ತಿದೆ. ಮೂರು ದಿನ ಜಡಿಮಳೆ ಹೊಡೆದಮೇಲೂ ಆ ತೂತುಗಳು ಒಣಗಿದ್ದರೆ ನೀರು ಗೋಡೆಯ ಹಿಂದೆ ತುಂಬಿರಬಹುದು. ಅಂಥ ಜಾಗದಲ್ಲಿ ಚಹಾದ ಅಂಗಡಿ ಇದ್ದರೂ ನಾನು ಗಾಡಿ ನಿಲ್ಲಿಸುವುದಿಲ್ಲ.