ಮಣ್ಣು ಒದ್ದೆ, ಗಿಡಕ್ಕೆ ದಾಹ

ನರ್ಸರಿಯಿಂದ ತಂದ ದಾಸವಾಳವನ್ನೋ ಹಿತ್ತಲ ಮೂಲೆಯಿಂದ ಕಿತ್ತ ಮಲ್ಲಿಗೆಯನ್ನೋ ಹೊಸ ಜಾಗದಲ್ಲಿ ನೆಟ್ಟ ಎರಡು ಮೂರು ದಿನಕ್ಕೆ ಎಲೆಗಳು ಜೋತುಬೀಳುತ್ತವೆ. ನೋಡಿದವರೆಲ್ಲ ಹೇಳುವುದು ಒಂದೇ: ನೀರು ಸಾಲದು, ಇನ್ನಷ್ಟು ಹಾಕಿ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಬೀಳತೊಡಗುತ್ತದೆ. ವಾರ ಕಳೆಯುವಷ್ಟರಲ್ಲಿ ಗಿಡ ಮತ್ತಷ್ಟು ಸೊರಗಿರುತ್ತದೆ. ಮಣ್ಣಿನಲ್ಲಿ ನೀರಿದೆ, ಅದನ್ನು ಹೀರುವ ಬೇರು ಇಲ್ಲ.

ನಮ್ಮ ಕಣ್ಣಿಗೆ ಬೀಳುವ ದಪ್ಪ ಕಂದು ಬೇರು ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ನೀರನ್ನು ಸಾಗಿಸುತ್ತದೆ. ಹೀರುವ ಕೆಲಸ ಬಹುಪಾಲು ನಡೆಯುವುದು ಬಿಳಿ ಎಳೆಬೇರುಗಳಲ್ಲಿ, ಅವುಗಳ ತುದಿಯ ತುಸು ಹಿಂದೆ ಹುಟ್ಟುವ ಬೇರುರೋಮಗಳಲ್ಲಿ. ಒಂದೊಂದು ರೋಮವೂ ಒಂದೇ ಜೀವಕೋಶದ ಚಾಚು. ದಪ್ಪ ಸುಮಾರು ಮಿಲಿಮೀಟರಿನ ನೂರನೇ ಒಂದು ಭಾಗ. ಮಣ್ಣಿನ ಕಣಗಳ ಸಂದಿಗೆ ನುಗ್ಗಿ ಅಲ್ಲಿನ ತೇವಕ್ಕೆ ಅಂಟಿಕೊಂಡಿರುವ ಇವು ಬೇರಿನ ಹೆಂಟೆ ಬಿರಿದರೆ ಸಾಕು, ಹರಿದುಹೋಗುತ್ತವೆ. ಹರಿದದ್ದು ಮತ್ತೆ ಕೂಡುವುದಿಲ್ಲ. ಹೊಸ ಎಳೆಬೇರು ಹೊರಟು, ಅದರ ಮೇಲೆ ಹೊಸ ರೋಮ ಬರಬೇಕು. ಅಷ್ಟರವರೆಗೆ ಎಲೆಗಳ ಖರ್ಚು ಮಾತ್ರ ನಿಲ್ಲುವುದಿಲ್ಲ: ಗಿಡ ಹೀರಿದ ನೀರಿನಲ್ಲಿ 95 ಶೇಕಡಾಕ್ಕೂ ಹೆಚ್ಚು ಪಾಲು ಎಲೆಯ ರಂಧ್ರಗಳಿಂದ ಆವಿಯಾಗಿಯೇ ಹೋಗುತ್ತದೆ.

ಗಿಡವೇನೂ ಸುಮ್ಮನೆ ಕೂರುವುದಿಲ್ಲ. ನೀರಿನ ಕೊರತೆಯಾದಾಗ ಅದರೊಳಗೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಿ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಅದೂ ಸಾಲದಾದರೆ ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿನ ಪ್ರಭಾವದಿಂದ ತೊಟ್ಟಿನ ಬುಡದ ಜೀವಕೋಶಗಳು ಸಡಿಲಗೊಂಡು ಹಳೆಯ ಎಲೆಗಳು ಉದುರುತ್ತವೆ. ಹೀಗೆ ಹಳದಿಯಾಗಿ, ಮುಟ್ಟಿದರೆ ಕಳಚಿಕೊಳ್ಳುವ ಎಲೆ ಕಂಡರೆ ಗಾಬರಿ ಬೇಡ. ಎಲೆ ಕಳಚುವುದಕ್ಕೆ ರೆಂಬೆಯಲ್ಲಿ ಜೀವವಿರಬೇಕು. ಎಲೆ ಕಂದಾಗಿ ಮುರುಟಿ, ಎಳೆದರೂ ಬಾರದೆ ಕಚ್ಚಿಕೊಂಡಿದ್ದರೆ ಯೋಚಿಸಬೇಕು: ಎಲೆ ಉದುರಿಸಲೂ ಪುರಸೊತ್ತಿಲ್ಲದೆ ಆ ರೆಂಬೆ ಸತ್ತಿದೆ. ಅನುಮಾನವಿದ್ದರೆ ಉಗುರಿನಿಂದ ತೊಗಟೆಯನ್ನು ತುಸುವೇ ಕೆರೆಯಿರಿ. ಒಳಗೆ ಹಸಿರಿದ್ದರೆ ಬಿಡಿ. ಒಣ ಕಂದು ಕಂಡರೆ ಹಸಿರು ಸಿಗುವ ಜಾಗದವರೆಗೆ ಕತ್ತರಿಸಿ.

ಅತಿಯಾದ ನೀರಿನ ಕಥೆಯೇ ಬೇರೆ. ಬೇರು ಉಸಿರಾಡಬೇಕು, ಹೊಸ ಬೇರು ಮೂಡುವಾಗಲಂತೂ ಆಮ್ಲಜನಕ ಹೆಚ್ಚೇ ಬೇಕು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮಣ್ಣಿನ ಸಂದಿಗಳೆಲ್ಲ ಸದಾ ನೀರು ತುಂಬಿಕೊಂಡಿದ್ದರೆ ಬೇರು ಉಸಿರುಕಟ್ಟಿ, ಕೊಳೆತು, ಗಿಡ ಮತ್ತೆ ಬಾಡುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಬಗೆಯ ಬಾಡುವಿಕೆ ಒಂದೇ. ಬುಡದ ಮಣ್ಣನ್ನು ಸ್ವಲ್ಪ ಸರಿಸಿ ಒಂದು ಸಣ್ಣ ಬೇರನ್ನು ಬೆರಳುಗಳ ನಡುವೆ ಎಳೆದು ನೋಡಿ. ಸಿಪ್ಪೆ ಚೀಲದಂತೆ ಜಾರಿ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿದರೆ ಬೇರು ಕೊಳೆತಿದೆ. ಗಟ್ಟಿಯಾಗಿ, ಬಿಳಿಯಾಗಿದ್ದರೆ ಸರಿಯಾಗಿದೆ. ಇನ್ನೂ ಸುಲಭದ ಪರೀಕ್ಷೆ ಮುಂಜಾನೆಯದು: ಮಧ್ಯಾಹ್ನ ಜೋತ ಎಲೆ ಬೆಳಗಾಗುವಷ್ಟರಲ್ಲಿ ನೆಟ್ಟಗಾಗಿದ್ದರೆ ಗಿಡ ಸಂಭಾಳಿಸುತ್ತಿದೆ. ಬೆಳಗಿನ ಆರಕ್ಕೂ ಜೋತೇ ಇದ್ದರೆ ಬೇರಿನತ್ತ ನೋಡಬೇಕು.

ನೆಡುವ ದಿನದ ಎಡವಟ್ಟುಗಳಲ್ಲಿ ಹೆಚ್ಚಿನವು ಗುಂಡಿಯಲ್ಲೇ ಆಗುತ್ತವೆ. ಆಳ ಬೇರಿನ ಹೆಂಟೆಯಷ್ಟೇ ಇರಲಿ, ಅಗಲ ಅದರ ಎರಡರಷ್ಟು. ಕಾಂಡದ ಬುಡ ಮೊದಲಿದ್ದ ಮಟ್ಟಕ್ಕಿಂತ ಒಳಗೆ ಹೂತರೆ ತೊಗಟೆ ಕೊಳೆಯುತ್ತದೆ. ನರ್ಸರಿಯ ಚೀಲದಲ್ಲಿ ಸಾಮಾನ್ಯವಾಗಿ ಇರುವುದು ಗಟ್ಟಿ ಕೆಮ್ಮಣ್ಣು. ಅದರ ಸುತ್ತ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ತುಂಬಿದರೆ ಹಾಕಿದ ನೀರೆಲ್ಲ ಆ ಸಡಿಲ ಭಾಗದಲ್ಲಿ ಇಳಿದುಹೋಗಿ, ನಡುವಿನ ಹೆಂಟೆ ಒಣಗಿಯೇ ಉಳಿಯುತ್ತದೆ. ಕೊಕೊಪೀಟಿನಲ್ಲಿ ಬೆಳೆದ ಗಿಡವನ್ನು ಜೇಡಿಮಣ್ಣಿನಲ್ಲಿಟ್ಟರೆ ಇದಕ್ಕೆ ತಿರುಗುಮುರುಗು: ಸುತ್ತಲ ಜೇಡಿಯೇ ಹೆಂಟೆಯ ನೀರನ್ನು ಹೀರಿಬಿಡುತ್ತದೆ. ಹಾಗಾಗಿ ತೆಗೆದ ಮಣ್ಣನ್ನೇ ಪುಡಿಮಾಡಿ, ಮೂರು ಪಾಲಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬುವುದು ಒಳ್ಳೆಯದು. ನೆಡುವ ಮುನ್ನ ಚೀಲವನ್ನು ಗುಳ್ಳೆ ನಿಲ್ಲುವವರೆಗೆ ಬಕೆಟ್ ನೀರಿನಲ್ಲಿಡಿ. ಚೀಲ ಬಿಚ್ಚಿದಾಗ ಬೇರು ಸುರುಳಿ ಸುತ್ತಿಕೊಂಡಿದ್ದರೆ ಹೆಂಟೆಯ ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಕಡೆ, ಒಂದು ಸೆಂಟಿಮೀಟರ್ ಆಳಕ್ಕೆ ಚಾಕುವಿನಿಂದ ಗೀರಿ. ಇಲ್ಲದಿದ್ದರೆ ಬೇರು ವರ್ಷಗಟ್ಟಲೆ ಅಲ್ಲೇ ಗಿರಕಿ ಹೊಡೆಯುತ್ತದೆ. ಕುಂಡವಾದರೆ ತಳದಲ್ಲಿ ಜಲ್ಲಿ ಹಾಸುವ ರೂಢಿ ಬಿಡಿ. ನೀರು ಜಲ್ಲಿಯ ಮೇಲೇ ನಿಂತು ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರವಾಗುತ್ತದೆ.

ಸಂಜೆ ನೆಡಿ. ನೆಟ್ಟ ಕೂಡಲೇ 4–5 ಲೀಟರ್ ನೀರನ್ನು ನಿಧಾನವಾಗಿ ಬುಡಕ್ಕೇ ಬಿಡಿ. ಹೆಂಟೆಗೂ ಹೊಸ ಮಣ್ಣಿಗೂ ನಡುವಿನ ಟೊಳ್ಳು ಮುಚ್ಚುವುದು ಈ ನೀರಿನಿಂದ, ಕಾಲಿನಿಂದ ತುಳಿದಲ್ಲ. ಆಮೇಲೆ ಎರಡು ಅಂಗುಲ ಆಳದಲ್ಲಿ ಬೆರಳಿಗೆ ತೇವ ತಾಗದಿದ್ದಾಗ ಮಾತ್ರ ನೀರು. ಮೊದಲ 10 ದಿನ ಮಧ್ಯಾಹ್ನದ ಬಿಸಿಲಿಗೆ ಶೇಡ್‌ನೆಟ್ಟೋ ತೆಂಗಿನ ಗರಿಯೋ ಅಡ್ಡವಿರಲಿ. ಪಾತಿಗೆ ಎರಡು ಅಂಗುಲ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಮೊಗ್ಗುಗಳನ್ನು ಚಿವುಟಲೇಬೇಕು, ಮನಸ್ಸಿಗೆ ಕಷ್ಟವಾದರೂ. ಎಲೆಗಳನ್ನು ಅರ್ಧಕ್ಕರ್ಧ ಸವರುವ ಹಳೆಯ ಪದ್ಧತಿಯನ್ನು ಮಾತ್ರ ಎಲ್ಲ ಗಿಡಕ್ಕೂ ಹೇಳಲಾಗದು. ಬೇರು ಬೆಳೆಯಲು ಬೇಕಾದ ಸಕ್ಕರೆ ಎಲೆಯಲ್ಲಿ ತಯಾರಾಗುತ್ತದೆ, ಬೇರು ಹೊರಡಿಸುವ ಆಕ್ಸಿನ್ ಎಂಬ ಹಾರ್ಮೋನು ಕುಡಿಗಳಿಂದ ಇಳಿದುಬರುತ್ತದೆ. ಹೆಂಟೆ ಒಡೆದು ಬೇರು ಬರಿದಾಗಿದ್ದರೆ ಮೂರನೇ ಒಂದು ಭಾಗ ಸವರಿ. ಚೀಲದ ಗಿಡಕ್ಕೆ ಕತ್ತರಿ ಬೇಡ. ಯೂರಿಯಾ, ಡಿಎಪಿಯಂಥ ರಾಸಾಯನಿಕ ಗೊಬ್ಬರ ಸುತರಾಂ ಬೇಡ. ಅವು ಕರಗಿ ಉಪ್ಪಿನ ಸಾಂದ್ರತೆ ಏರಿದ ಮಣ್ಣಿನಿಂದ ನೀರೆಳೆಯಲು ಗಾಯಗೊಂಡ ಬೇರಿಗೆ ಆಗದು. ಹೊಸ ಎಲೆ ಪೂರ್ತಿ ಅಗಲವಾದ ಮೇಲೆ ಒಂದು ಹಿಡಿ ಎರೆಗೊಬ್ಬರ ಸಾಕು.

ನೆಲದಲ್ಲಿ ಬೇರೂರಿದ ಹಳೆಯ ಗಿಡವನ್ನು ಎಬ್ಬಿಸಬೇಕೆಂದರೆ ತಿಂಗಳ ಮೊದಲೇ ತಯಾರಿ ಬೇಕು. ಕಾಂಡ 2.5 ಸೆಂ.ಮೀ. ದಪ್ಪವಿದ್ದರೆ ಸುಮಾರು 30 ಸೆಂ.ಮೀ. ವ್ಯಾಸದ ವೃತ್ತ ಗುರುತಿಸಿ, ಹರಿತವಾದ ಸನಿಕೆಯಿಂದ ಅರ್ಧ ಸುತ್ತು ಬೇರು ಕತ್ತರಿಸಿ. ಎರಡು ವಾರ ಬಿಟ್ಟು ಉಳಿದರ್ಧ. ಕತ್ತರಿಸಿದ ತುದಿಗಳಲ್ಲಿ ಎಳೆಬೇರು ಮೂಡಿ, ಅವು ಹೆಂಟೆಯೊಂದಿಗೇ ಬರುತ್ತವೆ. ಬಯಲುಸೀಮೆಯಲ್ಲಿ ಇದಕ್ಕೆ ಜೂನ್–ಜುಲೈ ತಕ್ಕ ಕಾಲ. ಮಲೆನಾಡು, ಕರಾವಳಿಯಲ್ಲಿ ಅದೇ ತಿಂಗಳು ನೀರು ನಿಲ್ಲುವ ಕಾಲವಾದ್ದರಿಂದ ಏರುಮಡಿ ಮಾಡಿ, ಅಥವಾ ಮಳೆಯ ಜೋರು ಇಳಿಯುವವರೆಗೆ ತಡೆಯಿರಿ.

ಕೆಲವು ಗಿಡಗಳಿಗೆ ಅವುಗಳದೇ ತಕರಾರು. ಕನಕಾಂಬರದ ಬೇರಿನಲ್ಲಿ ಸಣ್ಣ ಗಂಟುಗಳು ಕಂಡರೆ ಅದು ಮಣ್ಣಿನಲ್ಲಿರುವ ಜಂತುಹುಳದ (ನೆಮಟೋಡ್) ಬಾಧೆ. ಎಷ್ಟು ಆರೈಕೆ ಮಾಡಿದರೂ ಏಳುವುದಿಲ್ಲ, ಮಣ್ಣಿಗೂ ಹುಳು ಅಂಟಿಸುತ್ತದೆ, ನೆಡಲೇಬೇಡಿ. ಸೇವಂತಿಗೆಯ ಬುಡದ ಮರಿಗಳನ್ನು ಹೂವು ಮುಗಿದ ಮೇಲೆ ಬಿಡಿಸಿ ನೆಟ್ಟರೆ ಬೆಳೆಯಲು ಸಮಯ ಸಿಗುತ್ತದೆ. ರಾತ್ರಿ ದೀರ್ಘವಾಗುವ ಕಾಲಕ್ಕೆ ಹತ್ತಿರ ನೆಟ್ಟರೆ ಗೇಣುದ್ದದ ಗಿಡವೇ ಮೊಗ್ಗು ಕಟ್ಟುತ್ತದೆ. ಬೀದಿದೀಪದ ಕೆಳಗೆ ನೆಟ್ಟರೆ ಹೂವು ತಡವಾಗುತ್ತದೆ. ಗುಲಾಬಿಯಲ್ಲಿ ಕಸಿಯ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ. ನೆಟ್ಟ ತಿಂಗಳೊಳಗೆ ಗಂಟಿನ ಕೆಳಗಿನಿಂದ ಭರ್ಜರಿ ಚಿಗುರು ಹೊರಟರೆ ಹಿಗ್ಗಬೇಡಿ, ಅದು ತಾಯಿಬೇರಿನ ಕಾಡುಗುಲಾಬಿ. ಹುಟ್ಟಿದ ಕಡೆಯೇ ಮುರಿದು ತೆಗೆಯಿರಿ. ಮೇಲೆ ಕತ್ತರಿಸಿದರೆ ಒಂದಿದ್ದದ್ದು ಮೂರಾಗಿ ಬರುತ್ತದೆ.