ಫರ್ಮಾನ ಅಪವರ್ತನ ವಿಧಾನ: ಮಾಡುವ ಕ್ರಮ, ಕೈಕೊಡುವ ಕಡೆ

ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ದ ಫರ್ಮಾ ಎಂದರೆ ಸಾಕು, ಎಲ್ಲರೂ ‘ಕೊನೆಯ ಪ್ರಮೇಯ’ದ (ಘಾತ 2ಕ್ಕಿಂತ ಹೆಚ್ಚಾದರೆ xⁿ + yⁿ = zⁿಗೆ ಧನ ಪೂರ್ಣಾಂಕಗಳಲ್ಲಿ ಉತ್ತರವಿಲ್ಲ ಎಂಬುದರ) ಕಡೆ ಓಡುತ್ತಾರೆ. ಅದರ ಸಾಧನೆ, ಅಂದರೆ ಪುರಾವೆ, ಪ್ರಕಟವಾದದ್ದು 1995ರಲ್ಲಿ. ಪದವಿ ತರಗತಿಯ ಗಣಿತ ಅದಕ್ಕೆ ಸಾಲದು. ಆತನ ಅಪವರ್ತನ ವಿಧಾನ, ಅಂದರೆ ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವ ದಾರಿ, ಹಾಗಲ್ಲ, ಪೆನ್ನು ಹಿಡಿದು ಈಗಲೇ ಮಾಡಿ ನೋಡಬಹುದು.

ಆತ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನಲ್ಲಿ, ಚರ್ಮದ ವ್ಯಾಪಾರಿಯ ಮಗನಾಗಿ. ಓದಿದ್ದು ಕಾನೂನು. 1631ರಿಂದ ತುಲೂಸ್‌ನ ಉನ್ನತ ನ್ಯಾಯಸಭೆಯಲ್ಲಿ ಅಧಿಕಾರಿ, 1665ರಲ್ಲಿ ತೀರಿಕೊಂಡ. ಕಂಡುಕೊಂಡದ್ದನ್ನು ಪ್ಯಾರಿಸ್ಸಿನ ಗಣಿತಜ್ಞ ಮರ್ಸೆನ್ ಮೊದಲಾದವರಿಗೆ ಪತ್ರದಲ್ಲಿ ತಿಳಿಸುತ್ತಿದ್ದನೇ ಹೊರತು ಸಾಧನೆಯನ್ನು ಹೆಚ್ಚಾಗಿ ಬರೆಯುತ್ತಿರಲಿಲ್ಲ. ಆತನನ್ನು ಓದುವವರಿಗೆಲ್ಲ ಇದೇ ತಲೆನೋವು.

ವಿಧಾನದ ಬುಡ ಅ² − ಬ² = (ಅ + ಬ)(ಅ − ಬ). ಬೆಸಸಂಖ್ಯೆಯೊಂದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಅಪವರ್ತನಗಳು ತಾವೇ ಸಿಗುತ್ತವೆ. ಅ² ನಿಂದ ಆ ಸಂಖ್ಯೆಯನ್ನು ಕಳೆದಾಗ ಉಳಿದದ್ದು ಪೂರ್ಣವರ್ಗವಾದರೆ ಅದೇ ಬ²; ಆಗದಿದ್ದರೆ ಅ-ವನ್ನು ಒಂದೊಂದೇ ಹೆಚ್ಚಿಸುತ್ತ ಹೋಗಬೇಕು. ಫರ್ಮಾ ಎತ್ತಿಕೊಂಡ ಸಂಖ್ಯೆ 2027651281. ಇದರ ವರ್ಗಮೂಲ 45029ಕ್ಕಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಅ = 45030 ಎಂದು ಶುರುಮಾಡಬೇಕು. 45029ರಿಂದ ಹೊರಟರೆ ಕಳೆದ ಮೇಲೆ ಋಣಸಂಖ್ಯೆ ಬರುತ್ತದೆ.

45030² − 2027651281 = 49619. ಇದು ಪೂರ್ಣವರ್ಗವಲ್ಲ. ಮುಂದಿನ ಅ-ಗೆ ಮತ್ತೆ ವರ್ಗ ಮಾಡುವ ಗೋಜು ಬೇಡ: 2 × 45030 + 1, ಅಂದರೆ 90061 ಕೂಡಿಸಿದರೆ ಸಾಕು. ಆಮೇಲೆ 90063, ಆಮೇಲೆ 90065. ಕೂಡಿಸುವ ಸಂಖ್ಯೆಯನ್ನು ಪ್ರತಿ ಸಲವೂ 2 ಹೆಚ್ಚಿಸಲು ಮರೆತರೆ ಮುಂದಿನ ಸಾಲುಗಳೆಲ್ಲ ಕೆಡುತ್ತವೆ.

ಬರುವ ಸಾಲು: 49619, 139680, 229743, 319808, 409875, 499944, 590015, 680088, 770163, 860240, 950319, 1040400. ಎಲ್ಲದಕ್ಕೂ ವರ್ಗಮೂಲ ತೆಗೆಯುತ್ತ ಕೂರಬೇಡಿ. ವರ್ಗಸಂಖ್ಯೆ 2, 3, 7, 8ರಲ್ಲಿ ಮುಗಿಯದು. ಒಂದೇ ಸೊನ್ನೆಯಲ್ಲೂ ಮುಗಿಯದು. 5ರಲ್ಲಿ ಮುಗಿದರೆ ಕೊನೆಗೆ 25 ಇರಲೇಬೇಕು. 1 ಅಥವಾ 9ರಲ್ಲಿ ಮುಗಿದರೆ ಹತ್ತರ ಸ್ಥಾನದಲ್ಲಿ ಸಮ ಅಂಕಿ ಇರಬೇಕು. ಈ ಜರಡಿಯಲ್ಲಿ ಉಳಿಯುವುದು ಎರಡೇ: 499944 ಮತ್ತು 1040400. ಮೊದಲನೆಯದು 707² ಮತ್ತು 708²ರ ನಡುವೆ ಬೀಳುತ್ತದೆ. ಎರಡನೆಯದು 1020². ಹನ್ನೊಂದು ಸಲ ಕೂಡಿಸಿದ್ದರಿಂದ ಅ = 45041. ಬ = 1020, ಹೀಗೆ (45041 + 1020)(45041 − 1020) = 46061 × 44021.

ಇಷ್ಟು ಬೇಗ ಮುಗಿದದ್ದು ಎರಡು ಅಪವರ್ತನಗಳೂ ವರ್ಗಮೂಲದ ಹತ್ತಿರವೇ ಇದ್ದುದರಿಂದ. 3027 ತೆಗೆದುಕೊಂಡು ನೋಡಿ: ಅದು 3 × 1009. ಅ 56ರಿಂದ ಹೊರಟು (3 + 1009)/2 = 506 ಮುಟ್ಟಬೇಕು, 451 ಸಾಲು! ಹಾಗಾಗಿ ಸಣ್ಣ ಅವಿಭಾಜ್ಯಗಳಿಂದ ಮೊದಲು ಭಾಗಿಸಿ ನೋಡುವುದೇ ಜಾಣತನ. ಸಮಸಂಖ್ಯೆಯಾದರೆ 2ನ್ನೆಲ್ಲ ಹೊರಗೆ ತೆಗೆಯಿರಿ. 30ರಂಥ ಸಂಖ್ಯೆ, ಅಂದರೆ 4ರಿಂದ ಭಾಗಿಸಿದಾಗ ಶೇಷ 2 ಉಳಿಯುವಂಥದ್ದು, ಎರಡು ವರ್ಗಗಳ ವ್ಯತ್ಯಾಸ ಆಗುವುದೇ ಇಲ್ಲ, ಲೆಕ್ಕ ಕೊನೆಮುಟ್ಟದು.

ಇಷ್ಟೆಲ್ಲ ಬಲ್ಲವನೂ ಒಂದು ಕಡೆ ಎಡವಿದ. 2ರ ಘಾತ 1, 2, 4, 8, 16 ಆದಾಗ ಅದಕ್ಕೆ 1 ಕೂಡಿಸಿದರೆ ಬರುವ 3, 5, 17, 257, 65537 ಅವಿಭಾಜ್ಯಗಳು; ಇದೇ ಸಾಲಿನ ಮುಂದಿನದು 2³² + 1 = 4294967297 ಕೂಡ ಹಾಗೆಯೇ ಎಂದು ನಂಬಿದ್ದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು ಒಡೆದು ತೋರಿಸಿದ. ಇಲ್ಲಿ ವರ್ಗ ವ್ಯತ್ಯಾಸದ ದಾರಿ ಹಿಡಿದರೆ ಪ್ರಯೋಜನವಿಲ್ಲ, ಅಪವರ್ತನಗಳು ತೀರ ದೂರ. ಆದರೆ ಫರ್ಮಾ 1640ರಲ್ಲಿ ತಾನೇ ಹೇಳಿದ ‘ಕಿರು ಪ್ರಮೇಯ’ವನ್ನು (ಅವಿಭಾಜ್ಯ ಪ-ದಿಂದ ಭಾಗವಾಗದ ಸಂಖ್ಯೆಯ (ಪ − 1)ನೇ ಘಾತವನ್ನು ಪ-ದಿಂದ ಭಾಗಿಸಿದರೆ ಶೇಷ 1) ಹಚ್ಚಿದ್ದರೆ ಸಾಕಿತ್ತು. ಅದರಿಂದ ತಿಳಿಯುವುದು ಇಷ್ಟು: ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಮೊದಲ ನಾಲ್ಕರಿಂದ ಭಾಗ ಹೋಗದು. ಐದನೆಯದಕ್ಕೆ ಸರಿಯಾಗಿ 6700417 ಸಲ ಹೋಗುತ್ತದೆ.