ಹುಡುಗಿಯರ ವೃತ್ತಿ ಶಾಲೆಯಲ್ಲಿ ಆಟದ ಗಂಟೆ ಯಾರದ್ದು?

ವೃತ್ತಿ ಶಾಲೆ ಎಂದರೆ ಕೆಲಸ ಕಲಿಯುವ ಜಾಗ. ಹೊಲಿಗೆ, ಬ್ಯೂಟಿ ಪಾರ್ಲರ್ ಕೆಲಸ, ಲೆಕ್ಕ ಬರೆಯುವುದು, ರೋಗಿಗಳ ಆರೈಕೆ. ಒಂದೊಂದು ಪ್ರಾಕ್ಟಿಕಲ್ ಕ್ಲಾಸೇ ಎರಡು ಮೂರು ಗಂಟೆ ತಿಂದುಹಾಕುತ್ತದೆ. ಅದರ ಮೇಲೆ ಗಣಿತ, ಭಾಷೆ, ವಿಜ್ಞಾನ ಬೇರೆ. ಇಷ್ಟೆಲ್ಲ ತುಂಬಿಸಿದ ಮೇಲೆ ಉಳಿಯುವ ಚೂರುಪಾರು ಹೊತ್ತು ಆಟಕ್ಕೆ, ಕ್ಲಬ್ಬಿಗೆ. ಹುಡುಗಿಯರ ಶಾಲೆಯಾದರೆ ಆ ಚೂರಿನ ಮೇಲೂ ಮನೆಗೆಲಸದ ಕಣ್ಣು.

ಹಾಗಾದರೆ ಇಂಥ ಶಾಲೆಗಳಿಗೆ ಆಟ ಮತ್ತು ಕ್ಲಬ್ಬು ಬಂದಿದ್ದಾದರೂ ಹೇಗೆ? ಹುಡುಗಿಯರು ಖುಷಿಯಾಗಿರಲಿ ಅಂತ ಯಾರೂ ಸುಮ್ನೆ ಕೊಟ್ಟಿದ್ದಲ್ಲ. ಒಳ್ಳೆ ಕೆಲಸಗಾರ್ತಿ ಬೇಕು, ಒಳ್ಳೆ ಗೃಹಿಣಿ ಬೇಕು ಎಂಬ ಲೆಕ್ಕದಿಂದಲೇ ಹೆಚ್ಚು ಪಾಲು ಬಂತು. ಅಮೆರಿಕದ ಕಥೆಯಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಕಾನೂನು ಕೊನೆಗೆ ಹುಡುಗಿಯರ ವೃತ್ತಿ ಶಾಲೆ ಎಂಬುದನ್ನೇ ಇಲ್ಲದಂತೆ ಮಾಡಿತು. ಆ ಮಾತಿಗೆ ಆಮೇಲೆ ಬರೋಣ.

1902ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮ್ಯಾನ್‌ಹ್ಯಾಟನ್ ಟ್ರೇಡ್ ಸ್ಕೂಲ್ ಫಾರ್ ಗರ್ಲ್ಸ್ ಶುರುವಾಯಿತು. ನಡೆಸಿದವರು ಮೇರಿ ಶೆಂಕ್ ವುಲ್‌ಮನ್. ಹದಿನಾಲ್ಕರ ಆಸುಪಾಸಿಗೇ ಓದು ಬಿಟ್ಟು ದುಡಿಯಲು ಹೊರಡುತ್ತಿದ್ದ ಬಡ ಹುಡುಗಿಯರಿಗಾಗಿ ಈ ಶಾಲೆ. ಉಡುಪು ಹೊಲಿಯುವುದು, ಟೋಪಿ ಮಾಡುವುದು, ವಿದ್ಯುತ್ ಹೊಲಿಗೆ ಯಂತ್ರ ಓಡಿಸುವುದು, ಅಂಟಿಸುವ ಕೆಲಸ, ಇವನ್ನು ಕಲಿಸುತ್ತಿದ್ದರು. ಬಂದ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಯಂತ್ರದ ಮುಂದೆ ದಿನವಿಡೀ ಬಗ್ಗಿ ಕೂರಬೇಕಾದರೆ ಬೆನ್ನು ಗಟ್ಟಿ ಇರಬೇಕಲ್ಲ. ಅದಕ್ಕೆ ವೈದ್ಯರ ತಪಾಸಣೆ ಬಂತು, ವ್ಯಾಯಾಮ ಬಂತು. ಕಸುಬಿಗೆ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ದೇಹವೂ ಒಂದಾಗಿ ಸೇರಿತು. 1910ರಲ್ಲಿ ನಗರದ ಶಿಕ್ಷಣ ಮಂಡಳಿ ಈ ಶಾಲೆಯನ್ನು ತನ್ನ ಕೈಗೆ ತೆಗೆದುಕೊಂಡಿತು.

ಇವರು ಹೋಗಿ ಸೇರುತ್ತಿದ್ದ ಕಾರ್ಖಾನೆಗಳು ಹೇಗಿದ್ದವು ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. 1911ರ ಮಾರ್ಚ್ 25ರಂದು ಅದೇ ಊರಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು.

ಇತ್ತ ಆಟದ ಬಯಲಿನಲ್ಲಿ ಬೇರೆಯೇ ವಾದ ನಡೆದಿತ್ತು. ನ್ಯೂಯಾರ್ಕಿನ ಸರ್ಕಾರಿ ಶಾಲೆಗಳ ಹುಡುಗರಿಗಾಗಿ 1903ರಲ್ಲಿ ಒಂದು ಕ್ರೀಡಾ ಲೀಗ್ ಹುಟ್ಟಿತು. ಓಟ, ಜಿಗಿತ, ಶಾಲೆ ಶಾಲೆಗಳ ನಡುವೆ ಪೈಪೋಟಿ, ಪದಕ. ಎರಡು ವರ್ಷ ಬಿಟ್ಟು ಹುಡುಗಿಯರ ಶಾಖೆಯೂ ಬಂತು. ಎಲಿಜಬೆತ್ ಬರ್ಚೆನಲ್ ಅದರ ಮುಖ್ಯ ಶಕ್ತಿ. ಆದರೆ ಇಲ್ಲಿ ನಿಯಮವೇ ಬೇರೆ. ಒಂದು ಶಾಲೆಯ ಹುಡುಗಿಯರು ಇನ್ನೊಂದು ಶಾಲೆಯವರ ವಿರುದ್ಧ ಆಡುವಂತಿಲ್ಲ, ಒಬ್ಬಳೇ ಸ್ಪರ್ಧೆಗೆ ನಿಂತು ಗೆಲ್ಲುವಂತೆಯೂ ಇಲ್ಲ. ಬದಲಿಗೆ ಜಾನಪದ ಕುಣಿತ. ಸೆಂಟ್ರಲ್ ಪಾರ್ಕಿನಲ್ಲಿ ಸಾವಿರಾರು ಹುಡುಗಿಯರು ಒಟ್ಟಿಗೆ ಕುಣಿಯುತ್ತಿದ್ದರು.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ಆದರೆ ಬರ್ಚೆನಲ್ ಅವರ ವಾದದಲ್ಲಿ ಹುರುಳಿತ್ತು. ಹುಡುಗರ ಲೀಗಿನಲ್ಲಿ ಚುರುಕಾದ ಹತ್ತು ಜನ ಆಡುತ್ತಾರೆ, ಮಿಕ್ಕವರು ಕೂತು ಚಪ್ಪಾಳೆ ತಟ್ಟುತ್ತಾರೆ. ಕುಣಿತದಲ್ಲಿ ಎಲ್ಲರ ಕಾಲೂ ಆಡುತ್ತದೆ. ನನಗೆ ಒಪ್ಪಿಗೆಯಾಗದ್ದು ಇನ್ನೊಂದು: ಎಲ್ಲರೂ ಆಡಲಿ ಎನ್ನುವುದಕ್ಕೂ ಯಾರೂ ಗೆಲ್ಲಬಾರದು ಎನ್ನುವುದಕ್ಕೂ ಏನು ಸಂಬಂಧ? ಎರಡೂ ಒಟ್ಟಿಗೆ ಇರಬಹುದಿತ್ತು, ಅಲ್ವಾ?

ಬಾಸ್ಕೆಟ್‌ಬಾಲ್ ಕಥೆಯೂ ಇದೇ ದಾರಿ ಹಿಡಿಯಿತು. 1891ರ ಕೊನೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ಕಂಡುಹಿಡಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ಹುಡುಗಿಯರಿಗೆ ಕಲಿಸಿದರು, ನಿಯಮಗಳನ್ನು ಮೆತ್ತಗೆ ಮಾಡಿಯೇ. ಅಂಕಣವನ್ನು ಮೂರು ಭಾಗ ಮಾಡಿದರು. ತನ್ನ ಭಾಗ ಬಿಟ್ಟು ಆಚೆ ಹೋಗುವಂತಿಲ್ಲ. ಇನ್ನೊಬ್ಬಳ ಕೈಯಿಂದ ಚೆಂಡು ಕಸಿಯುವಂತಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಅವರ ಪತ್ನಿ ಲೂ ಹೆನ್ರಿ ಹೂವರ್ ಮುಂದಾಳತ್ವದಲ್ಲಿ 1923ರಲ್ಲಿ ಶುರುವಾದ, ರಾಷ್ಟ್ರೀಯ ಹವ್ಯಾಸಿ ಕ್ರೀಡಾ ಒಕ್ಕೂಟದ ಮಹಿಳಾ ವಿಭಾಗ ಈ ಮನೋಭಾವವನ್ನು ದೇಶಕ್ಕೆಲ್ಲ ಹರಡಿತು. ಆಗ ಬಂದದ್ದು 'ಪ್ಲೇ ಡೇ'. ನಾಲ್ಕಾರು ಶಾಲೆಯ ಹುಡುಗಿಯರನ್ನು ಕಲೆಸಿ ಹೊಸ ತಂಡ ಮಾಡುವುದು, ಆಡಿಸುವುದು, ಆಮೇಲೆ ತಿಂಡಿ. ಯಾವ ಶಾಲೆ ಗೆದ್ದಿತು ಎಂಬ ಪ್ರಶ್ನೆಯೇ ಏಳದ ಹಾಗೆ ಏರ್ಪಾಡು.

ಎಲ್ಲರೂ ಇದಕ್ಕೆ ತಲೆಬಾಗಲಿಲ್ಲ. ಅಯೋವಾ ರಾಜ್ಯದಲ್ಲಿ ಹುಡುಗಿಯರ ರಾಜ್ಯ ಮಟ್ಟದ ಬಾಸ್ಕೆಟ್‌ಬಾಲ್ ಪಂದ್ಯಾವಳಿ 1920ರಲ್ಲೇ ಶುರುವಾಗಿತ್ತು. ಇದು ಹುಡುಗಿಯರಿಗೆ ಸಲ್ಲದು ಎಂದು ದೊಡ್ಡ ಊರಿನ ಶಾಲೆಗಳು ಹಿಂದೆ ಸರಿದವು. ಹಳ್ಳಿಯ ಸಣ್ಣ ಶಾಲೆಗಳು ಬಿಡಲಿಲ್ಲ. 1925ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡವು. ಹೊಲದಲ್ಲಿ ಗಂಡಸರ ಸಮಕ್ಕೆ ದುಡಿಯುವ ಹುಡುಗಿಗೆ ಬಾಸ್ಕೆಟ್‌ಬಾಲ್ ಜಾಸ್ತಿಯಾಯಿತು ಎಂದರೆ ಆ ಹಳ್ಳಿಯವರು ಯಾಕೆ ನಂಬಬೇಕು? ಆರು ಜನ ಆಡುವ ಹುಡುಗಿಯರ ನಿಯಮದ ಆಟ ಅಲ್ಲಿ 1993ರವರೆಗೂ ಉಳಿಯಿತು.

ಇನ್ನು ಕ್ಲಬ್ಬುಗಳು. ಇವುಗಳ ಬೇರು ಸರ್ಕಾರದ ದುಡ್ಡಿನಲ್ಲಿದೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಕೃಷಿ, ಕೈಕಸುಬು ಮತ್ತು ಗೃಹವಿಜ್ಞಾನ ಕಲಿಸಲು ಕೇಂದ್ರದ ಹಣ ಕೊಟ್ಟಿತು. ಹಣ ಹರಿದ ಕಡೆಯಲ್ಲೆಲ್ಲ ಕ್ಲಬ್ಬು ಹುಟ್ಟಿತು. ಕೃಷಿ ಓದುವ ಹುಡುಗರಿಗೆ 1928ರಲ್ಲಿ 'ಭವಿಷ್ಯದ ರೈತರು' ಎಂಬ ಸಂಘ. ಹುಡುಗಿಯರಿಗೆ 1945ರಲ್ಲಿ 'ಭವಿಷ್ಯದ ಗೃಹಿಣಿಯರು'. ಕಪ್ಪು ಜನರ ಶಾಲೆಗಳ ಹುಡುಗಿಯರಿಗೆ ಅದೇ ವರ್ಷ ಬೇರೆಯದೇ ಸಂಘ. ಎರಡೂ ಒಂದಾದದ್ದು 1965ರಲ್ಲಿ. ರೈತರ ಸಂಘ ಹುಡುಗಿಯರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1969ರಲ್ಲಿ, ಸಂಘಕ್ಕೆ ನಲವತ್ತೊಂದು ವರ್ಷ ತುಂಬಿದ ಮೇಲೆ.

ಗೃಹಿಣಿಯರ ಕ್ಲಬ್ಬು ಎಂದರೆ ಕಸೂತಿ, ಕೇಕು ಅಷ್ಟೇ ಅಂದುಕೊಳ್ಳಬೇಡಿ. ಸಭೆ ನಡೆಸುವುದು, ಠರಾವು ಮಂಡಿಸುವುದು, ಲೆಕ್ಕ ಒಪ್ಪಿಸುವುದು, ಬೇರೆ ಊರಿನ ಸಮಾವೇಶಕ್ಕೆ ಹೋಗಿ ಮಾತಾಡುವುದು, ಎಲ್ಲ ಹುಡುಗಿಯರೇ ಮಾಡಬೇಕಿತ್ತು. ಹುಡುಗಿಯರೇ ಇರುವ ಶಾಲೆಯಲ್ಲಂತೂ ಅಧ್ಯಕ್ಷೆ, ಖಜಾಂಚಿ, ಪತ್ರಿಕೆಯ ಸಂಪಾದಕಿ, ತಂಡದ ಕ್ಯಾಪ್ಟನ್, ಯಾವ ಕುರ್ಚಿಗೂ ಹುಡುಗರ ಪೈಪೋಟಿ ಇರಲಿಲ್ಲ. ಕಲಿಸುವ ಕಸುಬು ಕಿರಿದಾಗಿತ್ತು, ಕ್ಲಬ್ಬಿನ ಹೆಸರೂ ಮನೆಯ ಹೊಸಿಲು ದಾಟುತ್ತಿರಲಿಲ್ಲ, ಆದರೂ ನಾಯಕತ್ವದ ಅಭ್ಯಾಸ ಮಾತ್ರ ಪೂರ್ತಿ ಸಿಗುತ್ತಿತ್ತು. ಈ ಶಾಲೆಗಳ ಬಗ್ಗೆ ಬರೆಯುವವರು ಇವೆರಡರಲ್ಲಿ ಒಂದನ್ನು ಮರೆತುಬಿಡುವುದೇ ಜಾಸ್ತಿ.

ದುಡಿಮೆಗೂ ಆಟಕ್ಕೂ ಗಂಟು ಹಾಕುವುದು ಅಮೆರಿಕದ ಚಾಳಿ ಮಾತ್ರ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ವಾಲಿಬಾಲ್ ಚಿನ್ನ ಗೆದ್ದ ಜಪಾನಿನ ಮಹಿಳಾ ತಂಡದ ಬಹುಪಾಲು ಆಟಗಾರ್ತಿಯರು ನಿಚಿಬೊ ಎಂಬ ಬಟ್ಟೆ ಕಂಪನಿಯ ಕೈಜುಕಾ ಮಿಲ್ಲಿನವರು. ಹೈಸ್ಕೂಲು ಮುಗಿಸಿದ ಒಳ್ಳೆ ಆಟಗಾರ್ತಿಯರನ್ನು ಕಂಪನಿಯೇ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಹಗಲು ಕಚೇರಿ ಕೆಲಸ, ಅದು ಮುಗಿದ ಮೇಲೆ ಕೋಚ್ ಹಿರೊಬುಮಿ ಡೈಮಾತ್ಸು ಕೈಕೆಳಗೆ ನಡುರಾತ್ರಿವರೆಗೂ ಅಭ್ಯಾಸ. ಅಮೆರಿಕದ ತಜ್ಞರು ಹುಡುಗಿಯರಿಗೆ ಪೈಪೋಟಿಯೇ ಬೇಡ ಎಂದರೆ, ಇಲ್ಲಿ ಪೈಪೋಟಿ ಬಿಟ್ಟು ಬೇರೇನೂ ಇರಲಿಲ್ಲ.

ಅಮೆರಿಕದಲ್ಲಿ ಎಲ್ಲ ತಲೆಕೆಳಗಾದದ್ದು 1972ರ ಜೂನ್ 23ರಂದು. ಅಂದು ಸಹಿಯಾದ ಟೈಟಲ್ ನೈನ್ ಕಾಯ್ದೆ, ಕೇಂದ್ರದ ಹಣ ಪಡೆಯುವ ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂದಿತು. 1971-72ರಲ್ಲಿ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು 2,94,015. ಹುಡುಗರು 36 ಲಕ್ಷಕ್ಕೂ ಹೆಚ್ಚು. 2018-19ರ ಹೊತ್ತಿಗೆ ಹುಡುಗಿಯರ ಸಂಖ್ಯೆ 34 ಲಕ್ಷ ಮುಟ್ಟಿತ್ತು.

ಟೈಟಲ್ ನೈನ್ ಎಂದರೆ ಈ ಅಂಕಿಗಳನ್ನೇ ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ ಒಂದು ಸಾಲು ಅದರೊಳಗೇ ಇದೆ. ಪ್ರವೇಶದ ವಿಷಯದಲ್ಲಿ ಕಾಯ್ದೆ ಎಲ್ಲ ಶಾಲೆಗಳಿಗೂ ಅನ್ವಯಿಸುವುದಿಲ್ಲ. ಸಾಮಾನ್ಯ ಹೈಸ್ಕೂಲಿಗೆ ಅದರಿಂದ ವಿನಾಯಿತಿ ಇದೆ. ವೃತ್ತಿ ಶಿಕ್ಷಣದ ಸಂಸ್ಥೆಗೆ ಇಲ್ಲ. ಅಂದರೆ ಈ ಕಾಯ್ದೆಯ ಮಟ್ಟಿಗೆ ಸಾಮಾನ್ಯ ಓದಿನ ಶಾಲೆಯೊಂದು ಹುಡುಗಿಯರಿಗೆ ಮಾತ್ರ ಎಂದು ಉಳಿಯಬಹುದು, ಸರ್ಕಾರದ ಹಣ ಪಡೆಯುವ ವೃತ್ತಿ ಶಾಲೆ ಹಾಗೆ ಉಳಿಯುವಂತಿಲ್ಲ. ಕಾರಣ ಗೊತ್ತಿರುವುದೇ. ಹುಡುಗರ ವೃತ್ತಿ ಶಾಲೆಯಲ್ಲಿ ವಿದ್ಯುತ್ ಕೆಲಸ, ಯಂತ್ರದ ಕೆಲಸ. ಹುಡುಗಿಯರದ್ದರಲ್ಲಿ ಹೊಲಿಗೆ, ಕೇಶಾಲಂಕಾರ. ಬೇರೆ ಬೇರೆ ಶಾಲೆ ಎಂದರೆ ಬೇರೆ ಬೇರೆ ಸಂಬಳ. ಆ ಗೋಡೆ ಬೀಳಲೇಬೇಕಿತ್ತು.

ಬಿದ್ದಾಗ ಕೆಲವು ಒಳ್ಳೆಯವೂ ಅದರ ಜೊತೆ ಹೋದವು. ಒಂದು ಸಣ್ಣ ಲೆಕ್ಕ ನೋಡಿ. ಇದು ಕಾಲೇಜುಗಳದ್ದು, ಆದರೂ ಗಾಳಿ ಎತ್ತ ಬೀಸಿತೆಂದು ತೋರಿಸುತ್ತದೆ. 1972ರಲ್ಲಿ ಕಾಲೇಜಿನ ಮಹಿಳಾ ತಂಡಗಳಲ್ಲಿ ಶೇ. 90ಕ್ಕೂ ಹೆಚ್ಚಿಗೆ ಹೆಂಗಸರೇ ಕೋಚ್. 2014ರಲ್ಲಿ ಶೇ. 43ರ ಸುಮಾರು. ಆಡುವ ಹುಡುಗಿಯರು ಹೆಚ್ಚಿದರು, ದುಡ್ಡು ಬಂತು, ಕೋಚ್ ಕೆಲಸಕ್ಕೆ ಸಂಬಳ ಏರಿತು. ಸಂಬಳ ಏರಿದ ಕೂಡಲೇ ಗಂಡಸರೂ ಆ ಕೆಲಸಕ್ಕೆ ಅರ್ಜಿ ಹಾಕಿದರು. ಅಥ್ಲೆಟಿಕ್ ನಿರ್ದೇಶಕರಂಥ ದೊಡ್ಡ ಹುದ್ದೆಗಳೂ ಬಹುಪಾಲು ಅವರಿಗೇ ಹೋದವು.

ಕ್ಲಬ್ಬುಗಳು ಮಾತ್ರ ಹೆಸರು ಬದಲಿಸಿಕೊಂಡು ಬದುಕಿದವು. ಗೃಹಿಣಿಯರ ಸಂಘ 1999ರಲ್ಲಿ ಹೊಸ ಹೆಸರು ತೊಟ್ಟಿತು, ಅದರಲ್ಲಿ 'ಗೃಹಿಣಿ' ಇಲ್ಲ. 1965ರಲ್ಲಿ ಹುಟ್ಟಿದ ಕೈಗಾರಿಕಾ ಕ್ಲಬ್ಬು ಇವತ್ತಿನ ಸ್ಕಿಲ್ಸ್‌ಯುಎಸ್‌ಎ. ಅಲ್ಲಿ ವೆಲ್ಡಿಂಗಿಗೂ ಸ್ಪರ್ಧೆ ಇದೆ, ಕೇಶಾಲಂಕಾರಕ್ಕೂ ಇದೆ. ಯಾರು ಬೇಕಾದರೂ ಯಾವುದಕ್ಕಾದರೂ ಸೇರಬಹುದು. ಆದರೂ ವೆಲ್ಡಿಂಗಿನಲ್ಲಿ ಹುಡುಗರು, ಕೇಶಾಲಂಕಾರದಲ್ಲಿ ಹುಡುಗಿಯರು ಜಾಸ್ತಿ. ಕಾನೂನು ಬಾಗಿಲು ತೆರೆಯಬಲ್ಲದು, ಒಳಗೆ ಯಾರು ಎಲ್ಲಿ ಕೂರುತ್ತಾರೆ ಎನ್ನುವುದನ್ನು ಬೇಗ ಬದಲಿಸಲಾರದು.

ಈ ವೃತ್ತಿ ಕ್ಲಬ್ಬುಗಳು ಉಳಿದದ್ದಕ್ಕೆ ಒಂದು ಸರಳ ಕಾರಣವಿದೆ. ಅವುಗಳ ಚಟುವಟಿಕೆ ಬಹುಮಟ್ಟಿಗೆ ಪಾಠದ ಭಾಗವಾಗಿಯೇ, ಶಾಲೆಯ ಹೊತ್ತಿನಲ್ಲೇ ನಡೆಯುತ್ತದೆ. ತಂಡದ ಅಭ್ಯಾಸ ಹಾಗಲ್ಲ, ಕೊನೆಯ ಗಂಟೆ ಹೊಡೆದ ಮೇಲೆ. ಸಂಜೆ ಅಂಗಡಿಯಲ್ಲಿ ದುಡಿಯುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಗೆ ಮೊದಲನೆಯದು ಸಿಗುತ್ತದೆ, ಎರಡನೆಯದು ತಪ್ಪಿಹೋಗುತ್ತದೆ. ಹೊಸ ಮೈದಾನ, ಹೊಸ ಜೆರ್ಸಿ ಎಂದು ಖರ್ಚು ಮಾಡುವ ಮೊದಲು ವಾರಕ್ಕೆರಡು ದಿನ ಅಭ್ಯಾಸವನ್ನು ವೇಳಾಪಟ್ಟಿಯ ಒಳಗೇ ತರುವುದು ಜಾಣತನ ಎಂದು ನನಗನ್ನಿಸುತ್ತದೆ. ಪ್ರಾಕ್ಟಿಕಲ್ ಕ್ಲಾಸಿನಿಂದ ಅರ್ಧ ಗಂಟೆ ಬಿಟ್ಟುಕೊಡಲು ಯಾವ ವಿಭಾಗದವರೂ ಸುಲಭಕ್ಕೆ ಒಪ್ಪುವುದಿಲ್ಲ. ಜಗಳ ಶುರುವಾಗುವುದೂ ಅಲ್ಲಿಂದಲೇ.